ಮಧುಮೇಹಿಗಳ ಪಾದರಕ್ಷಣೆ: ಮಾರ್ಗಸೂಚಿಗಳ ಗುಣಮಟ್ಟವನ್ನು ಅಳೆಯುವ ಬಗೆ

ಚಿಕಿತ್ಸಾ ಮಾರ್ಗಸೂಚಿಗಳ ಗುಣಮಟ್ಟ ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವುದು 2010ರಲ್ಲಿ ಪ್ರಕಟವಾದ ‘ಅಗ್ರೀ-2’ ಸಾಧನವನ್ನು. ಅದರಲ್ಲಿ ಆರು ವಿಭಾಗಗಳು, 23 ಅಂಶಗಳು. ಪ್ರತಿ ಅಂಶಕ್ಕೂ 1ರಿಂದ 7ರವರೆಗೆ ಅಂಕ. ಗರಿಷ್ಠ ಮತ್ತು ಕನಿಷ್ಠ ಅಂಕಗಳ ಅಂತರದ ಮೇಲೆ ಶೇಕಡಾವಾರು ಲೆಕ್ಕ ಹಾಕುವುದರಿಂದ, ಪರಿಶೀಲಕರೆಲ್ಲರೂ 3 ಕೊಟ್ಟರೆ ಆ ವಿಭಾಗಕ್ಕೆ ಸಿಗುವುದು ಶೇ. 43 ಅಲ್ಲ, ಶೇ. 33. ವಿಭಾಗಗಳ ಅಂಕಗಳನ್ನು ಕೂಡಿಸಿ ಒಂದೇ ಸಂಖ್ಯೆಗೆ ಇಳಿಸಬಾರದೆಂದು ಕೈಪಿಡಿಯೇ ಹೇಳುತ್ತದೆ. ಕೂಡಿಸಿದರೆ, ಎಂಟು ಅಂಶಗಳ ‘ರಚನೆಯ ಕಟ್ಟುನಿಟ್ಟು’ ನಾಲ್ಕೇ ಅಂಶಗಳ ‘ಅನ್ವಯಸಾಧ್ಯತೆ’ಯನ್ನು ಮುಚ್ಚಿಹಾಕುತ್ತದೆ. ಪಾದರಕ್ಷಣೆಯಲ್ಲಿ ಸೋಲುಗೆಲುವು ತೀರ್ಮಾನವಾಗುವುದು ಈ ಎರಡನೆಯದರಲ್ಲೇ.

ಮಧುಮೇಹ ಪಾದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡವು 1999ರಲ್ಲಿ ಮೊದಲ ದಾಖಲೆ ಪ್ರಕಟಿಸಿತು. ಈಚಿನ ಪರಿಷ್ಕರಣೆ 2023ರದು. ಅದರ 2019ರ ಆವೃತ್ತಿಯ ಒಂದು ಶಿಫಾರಸನ್ನು ನೋಡಬಹುದು: ಹುಣ್ಣಾಗುವ ಅಪಾಯವಿರುವವರು ಮನೆಯ ಒಳಗಾಗಲಿ ಹೊರಗಾಗಲಿ ಬರಿಗಾಲಲ್ಲಿ ನಡೆಯಬಾರದು. ಶಿಫಾರಸಿನ ಬಲ ‘ಪ್ರಬಲ’, ಸಾಕ್ಷ್ಯದ ಖಚಿತತೆ ‘ಕಡಿಮೆ’. ಇದನ್ನು ವಿರೋಧಾಭಾಸವೆಂದು ಹಳಿಯುವುದು ಆತುರವಾದೀತು. ಸ್ಪರ್ಶಜ್ಞಾನ ಕಳೆದುಕೊಂಡ ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂಥವರನ್ನು ಬರಿಗಾಲಲ್ಲಿ ನಡೆಸಿ ಪ್ರಯೋಗ ಮಾಡಲು ಯಾವ ನೈತಿಕ ಸಮಿತಿಯೂ ಒಪ್ಪದು. ಆದರೆ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಬರುವ, ದೇವಸ್ಥಾನದ ಕಾದ ಹಾಸುಗಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವ ನಮ್ಮ ರೋಗಿಗೆ ಈ ಮಾತನ್ನು ಒಪ್ಪಿಸುವುದು ಹೇಗೆ? ಪರಿಶೀಲಕರು ಬೇರೆ ಸಮಾಜದವರಾದರೆ ಈ ಪ್ರಶ್ನೆ ಅವರಿಗೆ ಹೊಳೆಯದೇ ಹೋಗಬಹುದು.

ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯ ಕಷ್ಟ ಬೇರೆ ಬಗೆಯದು. ಪಾದದಲ್ಲಿ ಹುಣ್ಣು, ಸೋಂಕು ಕಂಡರೆ ಒಂದು ಕೆಲಸದ ದಿನದೊಳಗೆ ತಜ್ಞ ತಂಡಕ್ಕೆ ಕಳಿಸಬೇಕೆನ್ನುತ್ತದೆ ಅದು. ಸಲಹೆ ಸ್ಪಷ್ಟ, ಅಳೆಯಲೂ ಸುಲಭ. ಪಾದತಜ್ಞರೇ ಇಲ್ಲದ ತಾಲ್ಲೂಕು ಆಸ್ಪತ್ರೆಯ ವೈದ್ಯರು ರೋಗಿಯನ್ನು ಕಳಿಸುವುದಾದರೂ ಎಲ್ಲಿಗೆ?

ಅಗ್ರೀ-2 ಮುಖ್ಯವಾಗಿ ಪರಿಶೀಲಿಸುವುದು ಮಾರ್ಗಸೂಚಿಯ ರಚನಾಕ್ರಮ ಮತ್ತು ವರದಿಯನ್ನು. ಶಿಫಾರಸುಗಳ ಹುರುಳನ್ನೇ ತೂಗಲು 2019ರಲ್ಲಿ ‘ಅಗ್ರೀ-ರೆಕ್ಸ್’ ಬಂತು. ರೋಗಿಗಳ ಮೌಲ್ಯ, ಆದ್ಯತೆಗಳೂ ಅದರ ಒರೆಗೆ ಒಳಪಡುತ್ತವೆ. ಭಾರತದಲ್ಲಿ ಎರಡನ್ನೂ ಜೊತೆಗೇ ಬಳಸಬೇಕು, ಪರಿಶೀಲಕರ ತಂಡದಲ್ಲಿ ಡ್ರೆಸ್ಸಿಂಗ್ ಮಾಡುವ ದಾದಿಯೂ ಇರಬೇಕು ಎಂಬುದು ನನ್ನ ವಾದ. 10 ಗ್ರಾಂ ಮಾನೋಫಿಲಮೆಂಟ್ ಸಿಗದ ಕಡೆ ಕಾಲ್ಬೆರಳ ತುದಿಗಳನ್ನು ಹಗುರವಾಗಿ ಮುಟ್ಟಿ ಸ್ಪರ್ಶಜ್ಞಾನ ಪರೀಕ್ಷಿಸಬಹುದೇ, ಕುಷ್ಠರೋಗಿಗಳಿಗೆ ದಶಕಗಳಿಂದ ಕೊಡುತ್ತ ಬಂದಿರುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಇನ್ನೊಂದು ಜೊತೆಯನ್ನು ಮನೆಯೊಳಗಿನ ಬಳಕೆಗೆಂದೇ ಬರೆದುಕೊಡಬಹುದೇ ಎಂದು ಮಾರ್ಗಸೂಚಿಯನ್ನು ಮೊದಲು ಕೇಳುವವರು ಆ ದಾದಿಯೇ.