ಆಕಾಶ ಯಾಕೆ ಬಿಳಿ? (ಹಳೇ ಫೋಟೋ ಸರಣಿ, ಕಂತು 4)

ತರೀಕೆರೆ ಏರಿ, ಕರಿ ಕುರಿಮರಿ ಅಂತ ನಾಲಿಗೆ ತೊಡರಿಸ್ಕೊಂಡು ನೀವೂ ಆಡಿರ್ತೀರಿ. ಆ ಮರಿಗಳ ಫೋಟೋ ತೆಗೆಯೋಕೆ ಹೋಗಿ ನೋಡಿ. ಮರಿಯ ಮೈ ಕಾಣ್ಬೇಕು ಅಂದ್ರೆ ಏರಿ ಮೇಲಿನ ಆಕಾಶ ಸುಣ್ಣ ಬಳಿದ ಗೋಡೆ ಆಗುತ್ತೆ. ಮೋಡ ಉಳಿಸಿದ್ರೆ ಮರಿ ಬರೀ ಕರಿ ಮಚ್ಚೆ.

ಇದು ಫೋಟೋಗ್ರಫಿಯಷ್ಟೇ ಹಳೇ ಜಗಳ. ನಮ್ಮ ಪಕ್ಕದ ಹಳೇಬೀಡನ್ನ ಕ್ಯಾಪ್ಟನ್ ಓಕ್ಲಿ 1856ರಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದ. ಪಿಗೌ, ನೀಲ್, ಬಿಗ್ಸ್ ತೆಗೆದ ಧಾರವಾಡ-ಮೈಸೂರು ಸೀಮೆಯ ಕಟ್ಟಡಗಳ ಫೋಟೋ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂತು. ಆ ಕಾಲದ ಫೋಟೋಗಳಲ್ಲಿ ಆಕಾಶ ಸಾಮಾನ್ಯವಾಗಿ ಖಾಲಿ. ಅದನ್ನ ನೋಡಿ ‘ಆವತ್ತು ಮೋಡವೇ ಇರ್ಲಿಲ್ಲ, ಬರಗಾಲ’ ಅಂತ ತೀರ್ಮಾನಿಸ್ಬೇಡಿ. ಆಗಿನ ರಾಸಾಯನಿಕಕ್ಕೆ ಕಾಣ್ತಿದ್ದದ್ದು ಮುಖ್ಯವಾಗಿ ನೀಲಿ ಬೆಳಕು. ಕಲ್ಲಿನ ಕೆತ್ತನೆ ಮೂಡೋ ಹೊತ್ತಿಗೆ ಆಕಾಶ ಪೂರ್ತಿ ಸುಟ್ಟುಹೋಗಿರ್ತಿತ್ತು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಅದೇ 1856-57ರ ಸುಮಾರಿಗೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಅಚ್ಚು ಹಾಕ್ದ. (ನಿಮ್ಮ ಫೋನಿನ ಎಚ್‌ಡಿಆರ್ ಇದರ ಮೊಮ್ಮಗ.) ಓಡೋ ಕುದುರೆಯ ಫೋಟೋದಿಂದ ಆಮೇಲೆ ಹೆಸರಾದ ಮೈಬ್ರಿಜ್ 1869ರಲ್ಲಿ ‘ಸ್ಕೈ ಶೇಡ್’ ಮಾಡ್ದ. ಆಕಾಶದ ಭಾಗಕ್ಕೆ ಮಾತ್ರ ಕಡಿಮೆ ಹೊತ್ತು ಬೆಳಕು ಬೀಳೋ ಹಾಗೆ ಮರೆ ಮಾಡೋ ಸಾಧನ ಅದು. ಮೇಲರ್ಧ ಕಪ್ಪು, ಕೆಳಗೆ ಪಾರದರ್ಶಕ ಇರೋ ಇವತ್ತಿನ ಗ್ರ್ಯಾಜುಯೇಟೆಡ್ ಫಿಲ್ಟರ್ ಮಾಡೋದೂ ಇದೇ ಕೆಲ್ಸ. 2 ಸ್ಟಾಪಿನದು ಆಕಾಶದ ಬೆಳಕನ್ನ ಕಾಲು ಭಾಗಕ್ಕೆ ಇಳಿಸುತ್ತೆ, 3 ಸ್ಟಾಪಿನದು ಎಂಟನೇ ಒಂದಕ್ಕೆ. 1978ರಲ್ಲಿ ಬಂದ ಕೋಕಿನ್ ಚೌಕಟ್ಟಿನಲ್ಲಿ ಚೌಕ ಫಿಲ್ಟರನ್ನ ಮೇಲೆ ಕೆಳಗೆ ಸರಿಸಿ, ಗೆರೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ಬಹುದು.

ನಮ್ಮೂರ ಕಡೆ ಇದು ಎಲ್ಲಿ ಸರಿ? ಅಜ್ಜಂಪುರದ ಅಮೃತ್ ಮಹಲ್ ಕಾವಲಿನಲ್ಲಿ. ಹುಲ್ಲು, ದನ, ನೇರ ದಿಗಂತ. ಕಪ್ಪು ಥಟ್ಟನೆ ಮುಗಿಯೋ ‘ಹಾರ್ಡ್’ ಫಿಲ್ಟರೇ ನಡೆಯುತ್ತೆ. ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ ಹಿಂದೆ ಗುಡ್ಡ ಇದೆ, ‘ಸಾಫ್ಟ್’ ತಗೊಳ್ಳಿ. ಅಲ್ಲಿ ಇನ್ನೊಂದು ವಿಷ್ಯ: ನೀರಲ್ಲಿ ಕಾಣೋ ಆಕಾಶ ಯಾವಾಗ್ಲೂ ಮೇಲಿನ ಆಕಾಶಕ್ಕಿಂತ ಸ್ವಲ್ಪ ಮಂಕು. ಫಿಲ್ಟರ್ ಅತಿಯಾದ್ರೆ ನೀರೇ ಹೆಚ್ಚು ಹೊಳೆಯುತ್ತೆ, ಸುಳ್ಳು ಸಿಕ್ಕಿಬೀಳುತ್ತೆ.

ಅಮೃತಾಪುರದಲ್ಲಿ ಮಾತ್ರ ಅದನ್ನ ಬ್ಯಾಗಲ್ಲೇ ಇಡಿ ಅಂತೀನಿ. ಹೊಯ್ಸಳ ವೀರಬಲ್ಲಾಳನ ಕಾಲದ, 1196ರ ದೇವಸ್ಥಾನ ಅದು. ಶಿಖರ ಆಕಾಶದೊಳಗೆ ಎದ್ದು ನಿಂತಿದೆ, ಫಿಲ್ಟರಿಗೆ ಮೋಡ ಯಾವ್ದು ಕಲ್ಲು ಯಾವ್ದು ಗೊತ್ತಾಗಲ್ಲ. ಎರಡನ್ನೂ ಕಪ್ಪು ಮಾಡುತ್ತೆ. ಓಕ್ಲಿ ಕಾಲದವರು ಆಕಾಶ ಕಳ್ಕೊಂಡು ಕೆತ್ತನೆ ಉಳಿಸಿದ್ರು. ನಾವು ಸಂಜೆ ಮೋಡದ ಆಸೆಗೆ ಕೆತ್ತನೆ ನುಂಗಿಸಿದ್ರೆ, ಮುಂದೆ ಶಿಖರದ ಯಾವ ಕಲ್ಲು ಯಾವಾಗ ಸವೀತು ಅಂತ ಹುಡುಕೋರಿಗೆ ನಮ್ಮ ಫೋಟೋದಲ್ಲಿ ಏನೂ ಸಿಗಲ್ಲ. ಅಲ್ಲಿ ಎರಡು ಎಕ್ಸ್‌ಪೋಷರ್ ತೆಗೀರಿ, ಶಿಖರಕ್ಕೊಂದು ಆಕಾಶಕ್ಕೊಂದು. ಎರಡೂ ಮೂಲ ಫೈಲು ಡಿಲೀಟ್ ಮಾಡ್ಬೇಡಿ, ತಾರೀಕು ಬರೆದಿಡಿ.

ಮನೆ ಆಲ್ಬಮ್ಮಲ್ಲಿ ಕಡೂರು, ತರೀಕೆರೆ ಕಡೆಯ ಹಳೇ ಕಪ್ಪು-ಬಿಳುಪು ಫೋಟೋ ಇದ್ರೆ ಅದರ ಆಕಾಶ ನೋಡಿ. ಮೋಡ ಇದ್ಯಾ? ಕಮೆಂಟಲ್ಲಿ ಹೇಳಿ.

#ಅಮೃತಾಪುರ #ಅಯ್ಯನಕೆರೆ #ಅಜ್ಜಂಪುರ #ಹಳೇಫೋಟೋ