ಕೇಳಿಸದ ಸದ್ದಿನ ಚರಿತ್ರೆ

ಬೆಳಗಾವಿಯ ಖಾಸಬಾಗ, ಶಹಾಪುರ, ವಡಗಾವಿಗಳು ನೇಕಾರರ ಬಡಾವಣೆಗಳು. ಅಲ್ಲಿನ ಪವರ್‌ಲೂಮ್‌ಗಳ ಖಟಖಟ ಹೊಸಬರಿಗೆ ಬರೀ ಗದ್ದಲ. ಮಗ್ಗದ ಮುಂದೆ ನಿಂತವನಿಗೆ ಅದೇ ಸದ್ದು ಸುದ್ದಿ. ಲಯ ತಪ್ಪಿದ ಕೂಡಲೇ ಅವನ ಕಿವಿ ನಿಮಿರುತ್ತದೆ. ಆದರೆ ನಮ್ಮ ಸುತ್ತಲಿನ ಸದ್ದಿನಲ್ಲಿ ಯಾವ ಮನುಷ್ಯನ ಕಿವಿಗೂ ದಕ್ಕದ ಸುದ್ದಿಯನ್ನು ಅಡಗಿಸುವ ವಿದ್ಯೆಯೂ ಒಂದಿದೆ. ಅದನ್ನು ಕೇಳಿಸಿಕೊಳ್ಳುವುದು ಯಂತ್ರ ಮಾತ್ರ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದ ಮ್ಯೂಜಾಕ್ ಕಂಪನಿಯ ಎಮಿಲ್ ಹೆಂಬ್ರೂಕ್ ಎಂಬಾತ 1954ರಲ್ಲೇ ಇದಕ್ಕೆ ಪೇಟೆಂಟ್ ಕೋರಿದ್ದ. 1961ರಲ್ಲಿ ಅದು ದೊರೆಯಿತು. ಸಂಗೀತದಿಂದ ಸುಮಾರು 1000 ಹರ್ಟ್ಜ್‌ನ ಒಂದು ಸಣ್ಣ ಎಳೆಯನ್ನು ಆಗಾಗ ತೆಗೆಯುವುದು, ತೆಗೆದ ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿ ಮೋರ್ಸ್ ಸಂಕೇತದಲ್ಲಿ ಒಡೆತನದ ಗುರುತು ಬರೆಯುವುದು ಅವನ ಉಪಾಯ. ಸೀರೆಯಲ್ಲಿ ಅಲ್ಲಲ್ಲಿ ಒಂದೆಳೆ ಬಿಟ್ಟಂತೆ: ಉಟ್ಟವರಿಗೆ ಗೊತ್ತಾಗದು, ನೇಯ್ದವನಿಗೆ ಗೊತ್ತು.

ಇನ್ನೊಂದು ದಾರಿಯೂ ಇದೆ. ಮನುಷ್ಯನ ಕಿವಿಯ ಎಲ್ಲೆ 20ರಿಂದ 20,000 ಹರ್ಟ್ಜ್. ವಯಸ್ಸಾದಂತೆ ಮೇಲಿನ ತುದಿಯೇ ಮೊದಲು ಮಂಕಾಗುತ್ತದೆ. 18,000 ದಾಟಿದ ಸದ್ದು ನಮ್ಮಲ್ಲಿ ಅನೇಕರಿಗೆ ಕೇಳದು. ಫೋನಿನ ಮೈಕಿಗೆ ಮಾತ್ರ ಕೇಳುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಮೂರು ವೇಷಗಳಲ್ಲಿ ಬಂತು. 2015ರಲ್ಲಿ ಟಿವಿ ವೀಕ್ಷಕರ ಲೆಕ್ಕ ಕೊಡಲಾರಂಭಿಸಿದ ಬಾರ್ಕ್ ಸಂಸ್ಥೆ, ಚಾನೆಲ್‌ಗಳ ಧ್ವನಿಯಲ್ಲಿ ಅಡಗಿಸಿದ ಗುರುತನ್ನು ಆಯ್ದ ಮನೆಗಳ ಮೀಟರಿನಿಂದ ಓದಿತು. ಎರಡನೆಯದು ಹಣದ ವ್ಯವಹಾರ. ಬೆಂಗಳೂರಿನ ಟೋನ್‌ಟ್ಯಾಗ್ ಕಂಪನಿ ಸದ್ದಿನ ಮೂಲಕ ಹಣ ಪಾವತಿಸುವ ವಿಧಾನ ರೂಪಿಸಿತು. 2017ರ ಸೆಪ್ಟೆಂಬರ್ 18ರಂದು ಬಂದ ಗೂಗಲ್‌ನ ತೇಜ್, ಪಕ್ಕದ ಫೋನನ್ನು ಗುರುತಿಸಲು ಕೇಳಿಸದ ಸದ್ದನ್ನೇ ಬಳಸಿತು. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗಾಗಿ ಆರಂಭಿಸಿದ ಯುಪಿಐ 123ಪೇಯ ನಾಲ್ಕು ದಾರಿಗಳಲ್ಲಿ ಸದ್ದಿನ ಪಾವತಿಯೂ ಒಂದು. ಇಂಟರ್‌ನೆಟ್ ಇಲ್ಲದ ಬಡವನಿಗೂ ಬಾಗಿಲು ತೆರೆಯುವ ಈ ಪ್ರಯತ್ನವನ್ನು ನಾವು ಮೆಚ್ಚಲೇಬೇಕು.

ಮೂರನೆಯ ವೇಷ ಬೇರೆ. ಭಾರತದ್ದೇ ಆದ ಸಿಲ್ವರ್‌ಪುಶ್ ಕಂಪನಿ, ಟಿವಿ ಜಾಹೀರಾತಿನಲ್ಲಿ ಅಡಗಿದ ಸದ್ದನ್ನು ಫೋನಿನ ಆ್ಯಪ್‌ಗಳು ಕೇಳಿಸಿಕೊಳ್ಳುವ ತಂತ್ರ ರೂಪಿಸಿತು. ಮನೆಯವರು ಏನು ನೋಡಿದರೆಂಬುದು ಅವರಿಗೇ ತಿಳಿಯದಂತೆ ವ್ಯಾಪಾರಿಗೆ ತಲುಪಬಹುದು! 2016ರ ಮಾರ್ಚ್‌ನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಇಂಥ 12 ಆ್ಯಪ್‌ಗಳವರಿಗೆ ಎಚ್ಚರಿಕೆ ಪತ್ರ ಕಳಿಸಿತು. 2017ರಲ್ಲಿ ಜರ್ಮನಿಯ ಸಂಶೋಧಕರು ಆ ತಂತ್ರವಿದ್ದ 234 ಆ್ಯಪ್‌ಗಳನ್ನು ಪತ್ತೆ ಹಚ್ಚಿದರು. ಅವರು ಪರೀಕ್ಷಿಸಿದ ಟಿವಿ ಪ್ರಸಾರಗಳಲ್ಲಿ ಅಂಥ ಸದ್ದು ಸಿಗಲಿಲ್ಲ, ನಿಜ. ಆದರೆ ಕೇಳುವ ಕಿವಿಗಳು ಸಿದ್ಧವಾಗಿದ್ದವು.

ಗೋಡೆಗೂ ಕಿವಿ ಇರುತ್ತದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈಗ ಆ ಕಿವಿ ನಮ್ಮ ಜೇಬಿನಲ್ಲೇ ಇದೆ. ಹಾಗಾದರೆ ತಪ್ಪು ಸದ್ದಿನದೇ? ಅಲ್ಲ. ಹಣ ಕಳಿಸುವವನು ತಾನೇ ಬಯಸಿ ಕಳಿಸುತ್ತಾನೆ. ಬೇಹು ನಡೆಸುವವನು ಕೇಳದೆಯೇ ಒಳನುಗ್ಗುತ್ತಾನೆ. ನಡುವಿನ ಗೆರೆ ಒಪ್ಪಿಗೆಯದು. ಆ ಗೆರೆಗಾಗಿ ಹೋರಾಡಿದವರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಪ್ರಮುಖರು. ಅವರು ಹೂಡಿದ ದಾವೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಬಂತು.

ಆದರೆ ಕಾಯ್ದೆ ನಮ್ಮ ಪರವಾಗಿ ಫೋನಿನ ಗುಂಡಿ ಒತ್ತುವುದಿಲ್ಲ. ಟಾರ್ಚಿಗೋ ಆಟಕ್ಕೋ ಹಾಕಿಕೊಂಡ ಆ್ಯಪ್ ಮೈಕಿನ ಅನುಮತಿ ಕೇಳಿದರೆ, ‘ಏಕೆ?’ ಎಂದು ನಾವು ಕೇಳೋಣ. ಉತ್ತರ ಸಿಗದಿದ್ದರೆ ಅನುಮತಿಯೂ ಬೇಡ.