ಕಾರ್ಬೊರೇಟರ್ ಹೋಯಿತು, ಪಟಾಕಿ ಸದ್ದು ಹೋಗಲಿಲ್ಲ

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಆ ಕಾಲದ ಬೈಕಿನ ಸೈಲೆನ್ಸರ್ ಪಟಾಕಿ ಹೊಡೆದರೆ ಮೆಕ್ಯಾನಿಕ್ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ, ಸದ್ದು ಕೇಳುತ್ತಲೇ ಸರಿ ಮಾಡುತ್ತಿದ್ದ.

2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲವೂ ಎಫ್‌ಐ ಆದವು. ಈಗ ಪೆಟ್ರೋಲ್ ಅಳೆಯುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ತಿರುಗಿಸಲು ಆ ಸ್ಕ್ರೂ ಇಲ್ಲ.

ಆದರೆ ಸದ್ದಿನ ಕಾರಣ ಹಳೆಯದೇ. ಎಂಜಿನ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಆವಿ, ಬಿಸಿ ಸೈಲೆನ್ಸರ್‌ನಲ್ಲಿ ಗಾಳಿ ಸಿಕ್ಕೊಡನೆ ಹೊತ್ತಿಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಇದು ಜಾಸ್ತಿ.

ಹಾಗಾಗಿ ಮೊದಲು ನೋಡಬೇಕಾದದ್ದು ಎಂಜಿನ್ ಮತ್ತು ಬೆಂಡ್ ಪೈಪ್ ನಡುವಿನ ಪ್ಯಾಕಿಂಗ್. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಜಾಯಿಂಟಿಗೆ ಸೋಪಿನ ನೀರು ಹಾಕಿ. ಗುಳ್ಳೆ ಎದ್ದರೆ ಅಲ್ಲಿ ಲೀಕ್ ಇದೆ. ಅಲ್ಲಿಂದ ಗಾಳಿ ನುಗ್ಗಿದರೆ ಆಕ್ಸಿಜನ್ ಸೆನ್ಸರ್ ಮೋಸಹೋಗುತ್ತದೆ. ಪೆಟ್ರೋಲ್ ಸಾಲದೆಂದು ತಿಳಿದು ಇಸಿಯು ಇನ್ನಷ್ಟು ಬಿಡುತ್ತದೆ. ಆಮೇಲೆ ಪ್ಲಗ್, ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಕೊನೆಗೆ ಸ್ಕ್ಯಾನರ್. ಸದ್ದಿನ ಆಸೆಗೆ ಬೇರೆ ಸೈಲೆನ್ಸರ್ ಹಾಕಿಸಿದ್ದರೆ ಕಂಪನಿಯದನ್ನೇ ಮತ್ತೆ ಹಾಕಿಸಿ. ಇಸಿಯು ಲೆಕ್ಕ ಇರುವುದು ಅದಕ್ಕೇ.

ಎಫ್‌ಐ ಬಂದಮೇಲೆ ಊರಿನ ಹಳೇ ಮೆಕ್ಯಾನಿಕ್‌ಗಳ ಕಾಲ ಮುಗಿಯಿತು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಸ್ಕ್ಯಾನರ್ ಸೆನ್ಸರಿನ ಕೋಡ್ ತೋರಿಸೀತು, ಹರಿದ ಪ್ಯಾಕಿಂಗ್ ತೋರಿಸದು. ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವ ಮುನ್ನ, ಆ ಸದ್ದನ್ನು ಅವರ ಕಿವಿಗೆ ಒಮ್ಮೆ ಕೇಳಿಸಿ.